ತವರು ಬಿಡುವ ಗಂಡು ಚಿರತೆ

ಚಿಕ್ಕಬಳ್ಳಾಪುರದಿಂದ ಮಂಚೇನಹಳ್ಳಿ ಮಾರ್ಗವಾಗಿ ಗೌರಿಬಿದನೂರಿಗೆ ಹೋಗುವ ಬಸ್ಸಿನ ಕಿಟಕಿಯಾಚೆ ಬರೀ ಬಂಡೆಗುಡ್ಡಗಳು. ಹಿಂದೆ 1,478 ಮೀಟರ್ ಎತ್ತರದ ನಂದಿ, ಪಕ್ಕದಲ್ಲಿ ಸ್ಕಂದಗಿರಿ. ದಟ್ಟ ಕಾಡೆಂಬುದಿಲ್ಲ, ಕುರುಚಲು, ನೀಲಗಿರಿ ತೋಪು, ಅಲ್ಲಲ್ಲಿ ಕಲ್ಲುಗಣಿ. ಆದರೂ ಬಂಡೆ ಸಂದುಗಳಲ್ಲಿ ಚಿರತೆ ಬದುಕಿದೆ. ಕುರಿಯೋ ನಾಯಿಯೋ ಕಾಣೆಯಾದ ಬೆಳಿಗ್ಗೆ ಮಾತ್ರ ಊರಿಗೆ ಅದರ ನೆನಪು.

ನಮ್ಮಲ್ಲಿ ಮಗಳು ತವರು ಬಿಟ್ಟು ಹೋಗುತ್ತಾಳೆ. ಹುಲಿ, ಚಿರತೆಗಳಲ್ಲಿ ಇದು ತಿರುಗಾಮುರುಗಾ. ಸುಮಾರು ಎರಡು ವರ್ಷ ತುಂಬುವ ಹೊತ್ತಿಗೆ ಗಂಡು ಮರಿ ದೂರದ ದಾರಿ ಹಿಡಿಯುತ್ತದೆ. ಹೆಣ್ಣು ಸಾಮಾನ್ಯವಾಗಿ ತಾಯಿಯ ಸರಹದ್ದಿನ ಪಕ್ಕದಲ್ಲೇ ನೆಲೆಯೂರುತ್ತದೆ. ಬೇಟೆ, ನೀರು, ಅಡಗುದಾಣ ಎಲ್ಲವೂ ಗೊತ್ತಿರುವ ನೆಲ ಮರಿ ಸಾಕುವವಳಿಗೆ ಬೇಕು. ಗಂಡು ದೂರ ಹೋಗುವುದರಿಂದ ಒಂದೇ ರಕ್ತದವು ಕೂಡುವುದೂ ತಪ್ಪುತ್ತದೆ.

ರಾತ್ರಿ ತಿರುಗುವ ಪ್ರಾಣಿಯ ನೆಂಟಸ್ತಿಕೆಯನ್ನು ಕಂಡುಹಿಡಿಯುವುದು ಹೇಗೆ? ಅದರ ಮಲದಿಂದ! ಕರುಳಿನ ಒಳಪದರದ ಜೀವಕೋಶಗಳು ಮಲಕ್ಕೆ ಅಂಟಿ ಬರುತ್ತವೆ, ಅವುಗಳಲ್ಲಿ ಡಿ.ಎನ್.ಎ. ಇರುತ್ತದೆ. ವೈ ವರ್ಣತಂತುವಿನ ತುಣುಕು ಸಿಕ್ಕರೆ ಗಂಡು. (ಶಿಡ್ಲಘಟ್ಟದ ರೇಷ್ಮೆ ಹುಳುವಿನಲ್ಲಿ ಲೆಕ್ಕ ಬೇರೆ: ಅಲ್ಲಿ ಬೇರೆ ಬೇರೆ ಬಗೆಯ ಎರಡು ಲಿಂಗವರ್ಣತಂತುಗಳಿರುವುದು ಹೆಣ್ಣಿಗೆ.) ಡಿ.ಎನ್.ಎ.ಯಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ತುಣುಕುಗಳನ್ನು ಎಣಿಸಿದರೆ ಯಾವ ಪ್ರಾಣಿ, ಯಾರಿಗೆ ನೆಂಟ ಎಂದು ತಿಳಿಯುತ್ತದೆ. ಒಂದೇ ಗುಡ್ಡದ ಸುತ್ತಿನ ಹೆಣ್ಣುಗಳು ತಾಯಿ-ಮಗಳು, ಅಕ್ಕ-ತಂಗಿಯರೆಂದು ಹೊಂದಿ, ಗಂಡುಗಳು ಹೊಂದದಿದ್ದರೆ ಅವು ಹೊರಗಿನಿಂದ ಬಂದವು. ಹೈದರಾಬಾದಿನ ಸಿ.ಸಿ.ಎಂ.ಬಿ. ವಿಜ್ಞಾನಿಗಳು ಪೆಂಚ್ ಕಾಡಿನ ಹುಲಿಗಳ ಮಲ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥದೇ.

ಇದು ಬರೀ ಪಾಠದ ಮಾತಲ್ಲ. ಬೋನಿಗೆ ಬಿದ್ದ ಚಿರತೆಯನ್ನು ದೂರ ಬಿಟ್ಟುಬಂದರೆ ಪೀಡೆ ತೊಲಗಿತೆಂದು ಊರವರ ಎಣಿಕೆ. ಖಾಲಿಯಾದ ಸರಹದ್ದಿಗೆ ಅಲೆಮಾರಿ ಗಂಡು ಬಂದು ಸೇರುತ್ತದೆ. ಮಹಾರಾಷ್ಟ್ರದ ಜುನ್ನರ್‌ನಲ್ಲಿ 2001ರಿಂದ ಹೀಗೆ ಹಿಡಿದು ಬೇರೆಡೆ ಬಿಟ್ಟಾಗ ಮನುಷ್ಯರ ಮೇಲಿನ ದಾಳಿ ಹೆಚ್ಚಿತೇ ಹೊರತು ಇಳಿಯಲಿಲ್ಲ.

ನಂದಿ ಸಾಲಿನಲ್ಲಿ ಹುಟ್ಟಿದ ಗಂಡು ಮರಿಯೊಂದು ಚಿಂತಾಮಣಿ ಕಡೆಯ ಅಂಬಾಜಿದುರ್ಗ ಸೇರಬೇಕಾದರೆ ಬೆಂಗಳೂರು–ಹೈದರಾಬಾದು ಹೆದ್ದಾರಿ ದಾಟಬೇಕು. ಆಮೇಲೆ ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳ ಬದು ಹಿಡಿದು ರಾತ್ರಿಯೇ ನಡೆಯಬೇಕು. ಹಗಲು ಮಲಗಲು ನಡುವೆ ಒಂದು ಗುಡ್ಡ ಬೇಕು. ಅದನ್ನು ಗಣಿಗೆ ಒಡೆದುಬಿಟ್ಟರೆ ಮುಸುಕಿನ ಜೋಳದ ಹೊಲವೇ ಗತಿ.