ಟಾಸು ಸೋತವರ ಪಾಲಿಗೆ ಬಂದ ಕುದುರೆ

ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ಜಾತ್ರೆ ಅಂದರೆ ಶರ್ಯತ್ತು ಇರಲೇಬೇಕು. ಎತ್ತಿನ ಗಾಡಿ, ಕುದುರೆ ಗಾಡಿ, ಸಾಲದ್ದಕ್ಕೆ ನೊಗದ ಒಂದು ಕಡೆ ಎತ್ತು, ಇನ್ನೊಂದು ಕಡೆ ಕುದುರೆ ಕಟ್ಟಿದ ಗಾಡಿ! 2014ರಲ್ಲಿ ಸುಪ್ರೀಂ ಕೋರ್ಟು ಎತ್ತಿನ ಗಾಡಿ ಓಟಕ್ಕೆ ತಡೆ ಹಾಕಿದಾಗ ಊರ ಹಿರಿಯರೆಲ್ಲ ಮುಖ ಸಪ್ಪೆ ಮಾಡಿ ಕೂತಿದ್ದರು. ಆಮೇಲೆ ಕಾನೂನು ತಿದ್ದುಪಡಿಯಾಗಿ, 2023ರ ಮೇ 18ರಂದು ಅದೇ ಕೋರ್ಟು ಅದನ್ನು ಒಪ್ಪಿಕೊಂಡಿತು. ಹೀಗಾಗಿ ನಿಪ್ಪಾಣಿಯಲ್ಲಿ ಐದನೇ ಇಯತ್ತೆ ಓದುವ ನನ್ನ ಮೊಮ್ಮಗನಿಗೂ ಈಗ ಶರ್ಯತ್ತಿನ ಹುಚ್ಚು.

ಅವನು ಕಳೆದ ರಜೆಯಲ್ಲಿ ಒಂದು ಇಂಗ್ಲಿಷ್ ಸಿನಿಮಾ ನೋಡಿ ಬಂದು ಕೇಳಿದ, "ಅಜ್ಜಾ, ಸೆಕ್ರೆಟೇರಿಯಟ್ ಅಂದ್ರ ಸರಕಾರಿ ಕಚೇರಿ ಅಲ್ಲೇನು? ಕುದುರಿಗೆ ಯಾಕ ಆ ಹೆಸರ ಇಟ್ಟಾರ?"

ಇಟ್ಟದ್ದೇ ಒಂದು ಕಥೆ. ಮಾಲೀಕರು ಕಳಿಸಿದ ಹೆಸರುಗಳನ್ನೆಲ್ಲ ಕುದುರೆಗಳ ನೋಂದಣಿ ಸಂಸ್ಥೆ ಬೇಡವೆಂದು ತಿರುಗಿಸಿ ಕಳಿಸುತ್ತಿತ್ತು. ಕಡೆಗೆ ಆ ಮನೆಯ ಕಾರ್ಯದರ್ಶಿ ಹೆಣ್ಣುಮಗಳು ಸೂಚಿಸಿದ ಈ ಹೆಸರು ಪಾಸಾಯಿತು. ಅದಕ್ಕಿಂತ ಮೋಜಿನ ಸಂಗತಿ ಅದರ ಹುಟ್ಟಿನದು. ಅಮೆರಿಕದ ಪೆನ್ನಿ ಚೆನರಿ ಎಂಬಾಕೆಯ ಮನೆತನಕ್ಕೂ ಇನ್ನೊಬ್ಬ ಸಾಹುಕಾರರಿಗೂ ಒಂದು ಕರಾರಿತ್ತು. ಹುಟ್ಟುವ ಮರಿಗಳಲ್ಲಿ ಯಾವುದು ಯಾರಿಗೆ ಎಂದು ನಾಣ್ಯ ಚಿಮ್ಮಿ ತೀರ್ಮಾನಿಸುವುದು. ಪೆನ್ನಿ ಟಾಸು ಸೋತರು. ಸೋತವರ ಪಾಲಿಗೆ ಬಂದದ್ದು ಇನ್ನೂ ತಾಯ ಹೊಟ್ಟೆಯಲ್ಲಿದ್ದ ಮರಿ. 1970ರ ಮಾರ್ಚ್ 30ರಂದು ಅದು ಹುಟ್ಟಿತು. ಕೆಂಪು ಮೈ, ಹಣೆಯ ಮೇಲೆ ಬಿಳಿ ಚುಕ್ಕೆ, ಮೂರು ಕಾಲುಗಳಿಗೆ ಬಿಳಿ ಕಾಲುಚೀಲ ಹಾಕಿದಂತೆ.

1972ರ ಜುಲೈ 4ರ ಮೊದಲ ಓಟದಲ್ಲಿ ಬಿಟ್ಟ ಕೂಡಲೇ ಪಕ್ಕದ ಕುದುರೆ ಡಿಕ್ಕಿ ಹೊಡೆದು, ಇದು ನಾಲ್ಕನೆಯದಾಗಿ ಬಂತು. ಮರುವರ್ಷ ಮೇ ತಿಂಗಳಲ್ಲಿ ಕೆಂಟಕಿ ಡರ್ಬಿ. ಸುಮಾರು 2,000 ಮೀಟರಿನ ಓಟ. ಶರ್ಯತ್ತು ನೋಡಿದವರಿಗೆ ಗೊತ್ತು, ಎಂಥ ಜೋಡಿಯಾದರೂ ಕೊನೆಕೊನೆಗೆ ದಮ್ಮು ಕಡಿಮೆಯಾಗುತ್ತದೆ. ಈ ಕುದುರೆ ಮಾತ್ರ ಪ್ರತಿ 400 ಮೀಟರನ್ನು ಹಿಂದಿನದಕ್ಕಿಂತ ಬೇಗ ಓಡಿತು!

ಜೂನ್ 9ರ ಬೆಲ್ಮಾಂಟ್ ಓಟವನ್ನಂತೂ ಮೊಮ್ಮಗ ನನಗೆ ನಾಲ್ಕು ಸಲ ತೋರಿಸಿದ. ಸುಮಾರು 2,400 ಮೀಟರು, 2 ನಿಮಿಷ 24 ಸೆಕೆಂಡು. ಲೆಕ್ಕ ಹಾಕಿ ನೋಡಿರಿ ಮಕ್ಕಳೇ, ತಾಸಿಗೆ 60 ಕಿಲೋಮೀಟರು, ನಮ್ಮ ಕೆಂಪು ಬಸ್ಸಿನ ಓಟ. ಎರಡನೆಯ ಕುದುರೆ 31 ಕುದುರೆಯುದ್ದ ಹಿಂದೆ. ಸವಾರ ರಾನ್ ಟರ್ಕಾಟ್ ತಿರುಗಿ ನೋಡಿದರೆ ಹತ್ತಿರ ಯಾರೂ ಇಲ್ಲ. ಮಣ್ಣಿನ ಹಾದಿಯಲ್ಲಿ ಅಷ್ಟು ದೂರಕ್ಕೆ ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಪಣ ಗೆದ್ದ 5,617 ಚೀಟಿಗಳನ್ನು ಜನ ದುಡ್ಡಿಗೆ ಕೊಡದೆ ನೆನಪಿಗೆಂದು ಮನೆಯಲ್ಲೇ ಇಟ್ಟುಕೊಂಡರು. ಕುದುರೆ ಜೂಜಿನಲ್ಲಿ ಹೊಲ ಮನೆ ಕಳಕೊಂಡವರನ್ನು ಕಂಡ ನನಗೆ ಆ ಜೂಜಿನಲ್ಲಿ ಹಿಡಿಸಿದ್ದು ಇದೊಂದೇ.

"ಶ್ಯಾಮ್ ಏನಾತು ಅಜ್ಜಾ?" ಎಂದ ಮೊಮ್ಮಗ. ಶ್ಯಾಮ್ ಎಂಬ ಕುದುರೆ ಆ ದಿನ ಮೊದಲರ್ಧ ಇದರ ಹೆಗಲಿಗೆ ಹೆಗಲು ಕೊಟ್ಟು ಓಡಿ, ದಣಿದು, ಐದರಲ್ಲಿ ಐದನೆಯದಾಯಿತು. ಮತ್ತೆ ಯಾವ ಓಟಕ್ಕೂ ಅದು ಇಳಿಯಲಿಲ್ಲ. ಹುಡುಗನ ಮುಖ ಸಣ್ಣದಾಯಿತು. ಸೆಕ್ರೆಟೇರಿಯಟ್ ಕೂಡ ಸೋತದ್ದಿದೆ ಎಂದೆ. ಒಟ್ಟು 21 ಓಟಗಳಲ್ಲಿ ಗೆದ್ದದ್ದು 16. ನಮ್ಮ ದೇಶದಲ್ಲಿ, ಬೆಂಗಳೂರಿನ ರಶೀದ್ ಬೈರಾಂಜಿ ಪಳಗಿಸಿದ ಸ್ಕ್ವಾಂಡರರ್ 19ರಲ್ಲಿ 18 ಗೆದ್ದಿತ್ತು. ಹೆಸರಿನ ಅರ್ಥ ದುಂದುಗಾರ!

ಆದರೆ ನನ್ನ ಮನಸ್ಸು ನಿಂತದ್ದು ಸವಾರನ ಮೇಲಲ್ಲ, ಎಡ್ಡಿ ಸ್ವೆಟ್ ಎಂಬ ಆಳಿನ ಮೇಲೆ. ಬಡ ಕೋರು ರೈತನ ಮಗ. ಮೈ ತಿಕ್ಕುವುದು, ಮೇವು ಹಾಕುವುದು, ಕಾಲಿಗೆ ಪಟ್ಟಿ ಕಟ್ಟುವುದು, ಹೋದಲ್ಲೆಲ್ಲ ಜೊತೆಗಿರುವುದು ಅವನ ಕೆಲಸ. ಪೆನ್ನಿಯ ತಂದೆ ತೀರಿಕೊಂಡು, ಆಸ್ತಿಯ ಮೇಲಿನ ತೆರಿಗೆ ಕಟ್ಟಲು ಕುದುರೆಯನ್ನು 32 ಪಾಲು ಮಾಡಿ 60 ಲಕ್ಷ ಡಾಲರಿಗೂ ಮಿಕ್ಕಿ ಮಾರಿದ್ದರು. ಕರಾರಿನಂತೆ 1973ರ ನವೆಂಬರಿನಲ್ಲಿ ಎಡ್ಡಿಯೇ ಅದನ್ನು ಕೆಂಟಕಿಯ ಕ್ಲೇಬೋರ್ನ್ ಫಾರ್ಮಿಗೆ ಒಯ್ದು ಒಪ್ಪಿಸಿದ. ಒಪ್ಪಿಸಿ ಅತ್ತನಂತೆ.

ಆ ವರ್ಷ ನನಗೆ ಹನ್ನೊಂದು. ನಮಗೆ ಅದು ಬರಗಾಲದ ವರ್ಷ. ಕಾಗವಾಡದ ಹತ್ತಿರದ ನಮ್ಮೂರಲ್ಲಿ ಬಾವಿಗಳ ತಳ ಕಂಡಿತ್ತು, ದೊಡ್ಡವರೆಲ್ಲ ಕಲ್ಲು ಒಡೆಯಲು ಹೋಗುತ್ತಿದ್ದರು. ಅಮೆರಿಕ ಅಂದರೆ ನಮಗೆ ಗೊತ್ತಿದ್ದದ್ದು ಅಲ್ಲಿಂದ ಬಂದ ಕೆಂಪು ಜೋಳ ಮಾತ್ರ. ಮನೆಯಲ್ಲಿ ಸರ್ಜಾ ಎಂಬ ಶರ್ಯತ್ತಿನ ಕುದುರೆ ಇತ್ತು. ಅದನ್ನು ಸಾಕಿದವನು ಸಣ್ಣ ಕಾಕಾ. ಹುರುಳಿ ಬೇಯಿಸಿ ತಾನೇ ಕೈಯಾರೆ ತಿನ್ನಿಸುತ್ತಿದ್ದ. ಕಣಕಿ ತೀರಿತು, ಹುರುಳಿ ತೀರಿತು. ಅಪ್ಪ ಒಂದು ರಾತ್ರಿ, "ಮಕ್ಕಳ ಹೊಟ್ಟಿ ನೋಡೂದೋ, ಕುದುರಿ ಹೊಟ್ಟಿ ನೋಡೂದೋ?" ಎಂದ. ಕಾಕಾ ಮಾತಾಡಲಿಲ್ಲ. ನಸುಕಿನಲ್ಲಿ ಸರ್ಜಾನ ಮೇಲೆ ಕೂಡ್ರದೆ, ಜೊತೆಗೆ ನಡೆಯುತ್ತಲೇ ಮಿರಜಿಗೆ ಹೋಗಿ ಒಬ್ಬ ಟಾಂಗಾದವನಿಗೆ ಕೊಟ್ಟು ಬಂದ. ಹಗ್ಗವನ್ನಷ್ಟೇ ಹೆಗಲ ಮೇಲೆ ಹಾಕಿಕೊಂಡು ಬಂದಿದ್ದ. ರೊಕ್ಕವನ್ನು ಅವ್ವನ ಕೈಗಿತ್ತು, ಉಣ್ಣದೆ ಗೋದಲಿಯ ಹತ್ತಿರ ಮಲಗಿದ. ಆಮೇಲೆ ಮಿರಜಿನ ದವಾಖಾನೆಗೆ ಹೋದಾಗಲೆಲ್ಲ ಸ್ಟೇಶನ್ನಿನ ಮುಂದಿನ ಟಾಂಗಾ ಸಾಲನ್ನು ಒಂದು ಸುತ್ತು ಹಾಕದೆ ಬರುತ್ತಿರಲಿಲ್ಲ. ಒಮ್ಮೆ ನಾನೂ ಜೊತೆಗಿದ್ದೆ. ಕಾಕಾ ದೂರದಿಂದ "ಸರ್ಜಾ" ಎಂದ. ಸಾಲಿನ ಕೊನೆಯಲ್ಲಿ ಒಂದು ಕುದುರೆ ಕಿವಿ ನಿಮಿರಿಸಿತು. ಅಷ್ಟರಲ್ಲಿ ಗಿರಾಕಿ ಹತ್ತಿ, ಟಾಂಗಾ ಹೊರಟುಹೋಯಿತು.

ಸೆಕ್ರೆಟೇರಿಯಟ್ 1989ರ ಅಕ್ಟೋಬರ್ 4ರವರೆಗೆ ಆ ಫಾರ್ಮಿನಲ್ಲೇ ಬದುಕಿತು. ಗೊರಸಿನ ವಾಸಿಯಾಗದ ರೋಗ ಬಂದು, ನರಳಬಾರದೆಂದು ಅದನ್ನು ಮಲಗಿಸಿದರು. ಅದರ ಹೃದಯ ನೋಡಿದ ವೈದ್ಯರು ತೂಕ ಸುಮಾರು 10 ಕೆಜಿ ಇರಬಹುದೆಂದು ಅಂದಾಜು ಮಾಡಿದರು. ಸಾಧಾರಣ ಕುದುರೆಯದು ಅದರ ಅರ್ಧವೂ ಇರುವುದಿಲ್ಲ.

ಕೆಂಟಕಿಯ ಕುದುರೆ ಉದ್ಯಾನದಲ್ಲಿ ಅದರ ಕಂಚಿನ ಪ್ರತಿಮೆಯಿದೆ. ಬೆನ್ನ ಮೇಲೆ ಟರ್ಕಾಟ್ ಇದ್ದಾರೆ. ಮುಂದೆ ಹಗ್ಗ ಹಿಡಿದು ನಡೆಸುತ್ತಿರುವವನು ಎಡ್ಡಿ ಸ್ವೆಟ್.