ಗೋಡೆಯ ಸಾಕ್ಷಿ

ವಯಸ್ಸು 80 ದಾಟಿದ ಮೇಲೆ ನಮ್ಮ ತಂದೆಯವರ ನೆನಪು ಮಸುಕಾಗುತ್ತ ಬಂದರೂ ರಿಪೇರಿಯ ಹುಚ್ಚು ಮಾತ್ರ ಅವರನ್ನು ಬಿಡಲಿಲ್ಲ. ಕಾರು ನಿಲ್ಲಿಸುವ ಕೊಠಡಿಯ ಮೂಲೆಯಲ್ಲಿ ಅವರದೊಂದು ಕಬ್ಬಿಣದ ಪೆಟ್ಟಿಗೆ. ಅದರೊಳಗೆ ಸುತ್ತಿಗೆ, ಇಕ್ಕಳ, ಉಳಿ, ಸ್ಪ್ಯಾನರುಗಳ ಸಂತೆ. ಒಂದು ದಿನ ಇಕ್ಕಳ ಕಾಣದಾದಾಗ, "ಪಕ್ಕದ ಮನೆಯ ಹುಡುಗನೇ ಒಯ್ದಿರಬೇಕು" ಎಂದು ಅವನ ಎದುರಿಗೇ ಅಂದುಬಿಟ್ಟರು. ಸೈಕಲ್ ರಿಪೇರಿ ಕಲಿಯಲು ನಿತ್ಯ ಬರುತ್ತಿದ್ದ ಆ ಹುಡುಗ ಮರುದಿನದಿಂದ ನಮ್ಮತ್ತ ಸುಳಿಯಲಿಲ್ಲ. ಮೂರು ದಿನಗಳ ತರುವಾಯ ಇಕ್ಕಳ ಪೆಟ್ಟಿಗೆಯ ತಳದಲ್ಲೇ ಸಿಕ್ಕಿತು. ತಂದೆಯವರು ಅಂದು ಊಟ ಮಾಡಲಿಲ್ಲ.

ಆಗ ನನಗೆ ನೆನಪಾದದ್ದು ಹಿಂದೆಂದೋ ಕಂಡ ಒಂದು ಛಾಯಾಚಿತ್ರ. ಅಮೆರಿಕದ ಪಾಕಪ್ರವೀಣೆ ಜೂಲಿಯಾ ಚೈಲ್ಡ್ ಅವರ ಅಡಿಗೆಮನೆ ಅದು. 2001ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸಂದಿತು. ಅದರ ಗೋಡೆಗೆ ರಂಧ್ರಗಳ ಹಲಗೆ, ಅಂದರೆ ಪೆಗ್‌ಬೋರ್ಡ್. ತೂಗಹಾಕಿದ ಪಾತ್ರೆಗಳ ಸುತ್ತ ಆಕೆಯ ಪತಿ ಪಾಲ್ ಅವರು ಗೆರೆ ಎಳೆದಿದ್ದರು. ಯಾವುದರ ಜಾಗ ಯಾವುದೆಂದು ಗೋಡೆಯೇ ಹೇಳುತ್ತಿತ್ತು!

ನಾನೂ ಅಂಥದೊಂದು ಹಲಗೆ ತಂದೆ. ಅಂಗುಲಕ್ಕೊಂದರಂತೆ ಕಾಲಂಗುಲದ ರಂಧ್ರಗಳು. ಉತ್ಸಾಹದಲ್ಲಿ ನೇರವಾಗಿ ಗೋಡೆಗೇ ಬಡಿದೆ; ಒಂದು ಕೊಕ್ಕೆಯೂ ಒಳಗೆ ಹೋಗಲೊಲ್ಲದು! ತಂದೆಯವರು ನಕ್ಕು, "ಕೊಕ್ಕೆಯ ಬಾಗು ಹಿಂದೆ ತಿರುಗಲು ಜಾಗ ಬೇಡವೇನಯ್ಯಾ? ಮರದ ಪಟ್ಟಿ ಕೊಡು" ಎಂದರು. ಹಲಗೆಯನ್ನು ಕಿತ್ತು, ಹಿಂದೆ ಮುಕ್ಕಾಲಂಗುಲದ ಪಟ್ಟಿಗಳನ್ನಿಟ್ಟು, ಥಂಡಿ ಹಿಡಿಯದ ಗೋಡೆಗೆ ತಿರುಪುಗಳಿಂದ ಬಿಗಿದೆವು. ಭಾರದ ಸಾಮಾನಿಗೆ ಎರಡೆರಡು ಕೊಕ್ಕೆ. ಬಳಿಕ ಅವರೇ ನಡುಗುವ ಕೈಯಿಂದ ಒಂದೊಂದರ ಸುತ್ತಲೂ ಗೆರೆ ಎಳೆದರು. ಇಕ್ಕಳದ ಸುತ್ತ ಎರಡು ಸಲ ಎಳೆದರು.

ಆ ಸಂಜೆಯೇ ಕೋಲೂರಿಕೊಂಡು ಪಕ್ಕದ ಮನೆಗೆ ಹೋದರು. "ತಪ್ಪು ನನ್ನದಪ್ಪಾ, ಇಕ್ಕಳ ಪೆಟ್ಟಿಗೆಯಲ್ಲೇ ಇತ್ತು" ಎಂದದ್ದು ನಮ್ಮ ಅಂಗಳಕ್ಕೂ ಕೇಳಿಸಿತು. ಹುಡುಗ ಏನೂ ಅನ್ನಲಿಲ್ಲ. ಒಂದು ವಾರ ಕಳೆದು, ಸೈಕಲ್ ತಳ್ಳಿಕೊಂಡು ತಾನಾಗಿ ಬಂದ.

ನಿನ್ನೆ ನೋಡಿದರೆ ಹಲಗೆಯ ಮೇಲೆ ಸ್ಪ್ಯಾನರಿನ ಗೆರೆ ಬರಿದಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ತಂದೆಯವರು ಕೊಕ್ಕೆಯತ್ತ ಬೆರಳು ತೋರಿದರು. ಅಲ್ಲಿ ಒಂದು ಚೀಟಿ ತೂಗುತ್ತಿತ್ತು. ಅವರದೇ ಅಂಕುಡೊಂಕು ಅಕ್ಷರ: "ಹುಡುಗನಿಗೆ ಕೊಟ್ಟದ್ದು ನಾನೇ."