ಮೋಟಾರಿನಲ್ಲಿ ಬಿಡಾರ ಹೊತ್ತು

ದೆಹಲಿಯ ಜೂನ್ ತಿಂಗಳ ಧಗೆಯಲ್ಲಿ ಬೇಯುವ ನಮ್ಮಂಥವರ ಮನಸ್ಸು ಹಿಮಾಲಯದ ಕಡೆ ಓಡುವುದು ಸಹಜವೇ. ಹಿಂದೆ ಬಸ್ಸು ಹತ್ತಿ ಸಿಮ್ಲೆಗೆ ಹೋಗಿಬಂದರೆ ತೃಪ್ತಿಯಾಗುತ್ತಿತ್ತು. ಈಗ ಸಂಘದ ತರುಣ ಮಿತ್ರರು ಜೀಪುಗಳನ್ನು ಕೊಂಡು, ಗುಡಾರ ಹೇರಿಕೊಂಡು, ಹೆಂಡತಿ ಮಕ್ಕಳೊಡನೆ ಸ್ಪಿತಿ ಕಣಿವೆಗೂ ಚಂದ್ರತಾಲ ಸರೋವರಕ್ಕೂ ಹೊರಡುತ್ತಾರೆ. ಆ ದಾರಿಯಲ್ಲಿ ನಾವು ಮೂರು ಸಲ ಸಂಸಾರ ಸಮೇತ ಓಡಾಡಿದವರೆಂದು ಹೊರಡುವ ಮುನ್ನ ನಮ್ಮನ್ನು ವಿಚಾರಿಸುವುದುಂಟು. ಯಾವ ಗುಡಾರ ಒಳ್ಳೆಯದು, ಯಾವ ಟೈರು ವಾಸಿ, ಕಾಶ್ಮೀರಿ ಗೇಟಿನ ಅಂಗಡಿಗಳಲ್ಲಿ ಏನೇನು ಕೊಳ್ಳಬೇಕು? ನಾವು ಮಾತ್ರ ಮೊದಲು ಕೇಳುವುದು, “ರಜೆ ಎಷ್ಟು ದಿನ ಸಿಕ್ಕಿದೆಯಪ್ಪಾ?” ಎಂದು.

ಈ ಪ್ರಶ್ನೆಗೆ ಕಾರಣವಿದೆ. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆಯುವವರೆಗೆ ಮನಾಲಿಯಿಂದ ಹೊರಟವರು 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆಯನ್ನು ಹತ್ತಿ ಇಳಿಯಬೇಕಾಗಿತ್ತು. ಈಗ ಒಂಬತ್ತು ಕಿಲೋಮೀಟರಿನ ಸುರಂಗದಲ್ಲಿ ನುಸುಳಿ, ಬೆಳಿಗ್ಗೆ ಮನಾಲಿಯಲ್ಲಿ ಕಾಫಿ ಕುಡಿದವರು ಸಂಜೆಗೆ ಚಂದ್ರತಾಲದ ಬಳಿ ಗುಡಾರ ಹಾಕಬಹುದು. ಮನಾಲಿ ಸುಮಾರು 2,050 ಮೀಟರ್. ಸರೋವರ ಸುಮಾರು 4,250. ಮೋಟಾರಿಗೇನು, ಏರಿಬಿಡುತ್ತದೆ, ಒಳಗೆ ಕುಳಿತ ಅಜ್ಜಿಯ ಎದೆಗೂಡು ಅಷ್ಟು ಬೇಗ ಏರಲಾರದು. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿ ಮಲಗಿದ ಜಾಗಕ್ಕಿಂತ ಮರುದಿನ ಮಲಗುವ ಜಾಗ 500 ಮೀಟರಿಗಿಂತ ಹೆಚ್ಚು ಎತ್ತರವಿರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು ಎಂದು ವೈದ್ಯರು ಹೇಳುತ್ತಾರೆ. ಆದ್ದರಿಂದ ನಾವು ಸಿಮ್ಲೆಯ ಕಡೆಯಿಂದಲೇ ಹೋಗುವುದು: ನಾರ್ಕಂಡಾ, ಕಲ್ಪಾ, ತಾಬೋ, ಆಮೇಲೆ ಕಾಜಾದಲ್ಲಿ ಎರಡು ರಾತ್ರಿ, ಅನಂತರವೇ ಕುಂಜುಮ್ ದಾಟಿ ಸರೋವರ. ಇಷ್ಟಕ್ಕೆ ಎಂಟೊಂಬತ್ತು ದಿನ ಬೇಕು. ನಾಲ್ಕೇ ದಿನದ ರಜೆ ಸಿಕ್ಕವರಿಗೆ ಕಲ್ಪಾದ ಸೇಬಿನ ತೋಟಗಳೇನು ಕಡಿಮೆಯೆ?

ಸರೋವರದ ದಡದಲ್ಲೇ ಗುಡಾರ ಹಾಕುವಂತಿಲ್ಲ. 2005ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಜೌಗು ನೆಲವದು. ಬಿಡಾರಗಳೆಲ್ಲ ಕೆಲವು ಕಿಲೋಮೀಟರ್ ಈಚೆಗೆ. ಎರಡನೆಯ ಪ್ರವಾಸದಲ್ಲಿ ನಮ್ಮ ಪಕ್ಕದ ಗುಡಾರದಲ್ಲಿ ಐವರ ಒಂದು ಕುಟುಂಬ ಇಳಿದಿತ್ತು. ಚಳಿಗೆ ಹೆದರಿ ಕೆಂಡದ ಅಗ್ಗಿಷ್ಟಿಕೆಯನ್ನು ಒಳಗಿಟ್ಟುಕೊಂಡು ಮಲಗಿದ್ದರು. ನಡುರಾತ್ರಿ ಹಿರಿಯರಿಗೆ ತಲೆ ಸಿಡಿತ, ಮಗುವಿಗೆ ವಾಂತಿ. “ಎತ್ತರದ ತೊಂದರೆ, ಬೆಚ್ಚಗೆ ಮಲಗಿದರೆ ಸರಿಹೋಗುತ್ತದೆ” ಎಂದು ಬಾಗಿಲಿನ ಬಟ್ಟೆಯನ್ನು ಇನ್ನಷ್ಟು ಬಿಗಿದರು. ನಮ್ಮ ಅತ್ತಿಗೆ ಮಾತ್ರ ಎದ್ದು ಹೋಗಿ, “ಐದು ಜನಕ್ಕೂ ಒಂದೇ ಗಳಿಗೆಯಲ್ಲಿ ತಲೆನೋವು ಬರುವುದುಂಟೆ? ಮೊದಲು ಎಲ್ಲರೂ ಹೊರಗೆ ಬನ್ನಿ” ಎಂದು ಗದರಿಸಿದರು. ಕಂಬಳಿ ಹೊದೆಸಿ ಎಲ್ಲರನ್ನೂ ಬಯಲಿಗೆ ತಂದೆವು. ಒಬ್ಬ ಹುಡುಗಿಗೆ ನಡೆಯಲೂ ಆಗದೆ ಹೊತ್ತು ತರಬೇಕಾಯಿತು. ಹೊತ್ತು ಮೂಡುವ ಮೊದಲೇ ಅವರನ್ನು ಕೇಲಾಂಗಿನ ಆಸ್ಪತ್ರೆಗೆ ಇಳಿಸಿದೆವು, ಎಲ್ಲರೂ ಉಳಿದರು.

ಇಂಗಾಲದ ಮೊನಾಕ್ಸೈಡ್ ಎಂಬ ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಲಕ್ಷಣಗಳೂ ಎತ್ತರದ ಕಾಯಿಲೆಯ ಲಕ್ಷಣಗಳೂ ಅಣ್ಣತಮ್ಮಂದಿರಂತೆ ಇರುವುದೇ ದೊಡ್ಡ ಮೋಸ. ಕೆಂಡವಾಗಲಿ, ಗ್ಯಾಸ್ ಒಲೆಯಾಗಲಿ, ಸೀಮೆಎಣ್ಣೆ ಸ್ಟೋವಾಗಲಿ ಗುಡಾರದೊಳಗೂ ಬೇಡ, ಮುಚ್ಚಿದ ಮೋಟಾರಿನೊಳಗೂ ಬೇಡ. ಎಂಜಿನ್ ಓಡಿಸುತ್ತ ಮಲಗುವುದಂತೂ ಕೂಡದು. ಈ ಅನಿಲ ತುಂಬಿದರೆ ಕಿರುಚುವ ಒಂದು ಪುಟ್ಟ ಬ್ಯಾಟರಿ ಯಂತ್ರ ಈಗ ಸಿಗುತ್ತದೆ. ದುಬಾರಿ ಗುಡಾರದ ಬದಲು ಸಾಧಾರಣ ಗುಡಾರ ಕೊಂಡು, ಉಳಿದ ದುಡ್ಡಿನಲ್ಲಿ ಅದನ್ನು ಕೊಳ್ಳಿರೆಂದು ನಮ್ಮ ಸಲಹೆ. ಎತ್ತರದ ಕಾಯಿಲೆಯೇ ಆಗಿದ್ದರೆ ಗಮನಿಸಬೇಕಾದ್ದು ಬೇರೆ: ನೆಟ್ಟಗೆ ನಡೆಯಲಾಗದೆ ತೂರಾಡಿದರೆ, ಮಾತು ತಡವರಿಸಿದರೆ, ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ಬೆಳಗಾಗಲೆಂದು ಕಾಯದೆ ಕೆಳಗಿಳಿಯಬೇಕು.

ಇನ್ನು ನೀರು. ಸರೋವರದಿಂದ ಮನಾಲಿಯತ್ತ ಇಳಿಯುವಾಗ ಬಾತಲ್, ಛತ್ರುಗಳ ನಡುವೆ ಹಿಮ ಕರಗಿದ ತೊರೆಗಳು ರಸ್ತೆಯ ಮೇಲೆಯೇ ಹರಿಯುತ್ತವೆ. ಬೆಳಿಗ್ಗೆ ಏಳಕ್ಕೆ ಪಾದ ತೋಯಿಸುವ ತೊರೆ ಬಿಸಿಲು ಏರಿದಂತೆ ಉಬ್ಬಿ, ಮಧ್ಯಾಹ್ನ ಮೂರಕ್ಕೆ ಮೊಳಕಾಲು ಮುಟ್ಟಬಹುದು. ಮಕ್ಕಳು ಗೊಣಗಿದರೂ ಸರಿ, ನಸುಕಿನಲ್ಲೇ ಗುಡಾರ ಕೀಳಿಸಿ. ನೀರಿಗೆ ಇಳಿಯುವ ಮೊದಲೇ ಮೊದಲನೆಯ ಗೇರು ಹಾಕಿ, ನಡುವೆ ಕ್ಲಚ್ ಮುಟ್ಟದೆ, ಒಂದೇ ಸಮನೆ ಸಾಗಬೇಕು. ದಾಟಿದ ಮೇಲೆ ಬ್ರೇಕನ್ನು ಹಲವು ಸಲ ಒತ್ತಿ ಒಣಗಿಸಬೇಕು. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಚಾಲೂ ಮಾಡುವ ಆಸೆ ಬೇಡ. ಒಳಗೆ ನೀರು ಹೊಕ್ಕಿದ್ದರೆ ಕನೆಕ್ಟಿಂಗ್ ರಾಡೇ ಬಾಗೀತು. ಹಗ್ಗ ಕಟ್ಟಿ ಎಳೆಸಿಕೊಳ್ಳಿ. ಆ ಹಗ್ಗದ ನಡುವೆ ಒಂದು ದಪ್ಪ ಕಂಬಳಿ ಹಾಕಿ, ನೋಡಲು ನೆರೆದವರನ್ನು ಹಗ್ಗದ ಉದ್ದಕ್ಕಿಂತ ದೂರ ಅಟ್ಟಿ. ಬಿಗಿದ ಹಗ್ಗ ಕಿತ್ತರೆ ಅದರ ಕೊಂಡಿ ಗುಂಡಿನಂತೆ ಹಾರುತ್ತದೆ.

ಸಾಮಾನಿನ ವಿಚಾರ ಹೆಚ್ಚು ಬೆಳೆಸುವುದಿಲ್ಲ. ಒಳ್ಳೆಯ ಸ್ಟೆಪ್ನಿ, ಗಾಳಿ ತುಂಬುವ ಪಂಪು, ಜಾಕಿಯ ಅಡಿಗೆ ಇಡಲು ಒಂದು ಹಲಗೆ, ಸಲಿಕೆ. ಭಾರವೆಲ್ಲ ತಳದಲ್ಲಿರಲಿ, ಮಾಡಿನ ಮೇಲೆ ಹಾಸಿಗೆ ಸುರುಳಿಗಿಂತ ಹೆಚ್ಚಿನದು ಬೇಡ. ಅಮೆರಿಕದ ಭಾವಮೈದುನರು ಉಪಗ್ರಹದ ಮೂಲಕ ಸುದ್ದಿ ಕಳಿಸುವ ಯಂತ್ರ ತಂದುಕೊಟ್ಟರೆ ನಯವಾಗಿ ಹಿಂತಿರುಗಿಸಿ. ಸರ್ಕಾರದ ಅನುಮತಿಯಿಲ್ಲದೆ ಅದನ್ನು ನಮ್ಮ ದೇಶದಲ್ಲಿ ಬಳಸುವಂತಿಲ್ಲ. ಅದರ ಬದಲು ಯಾವ ರಾತ್ರಿ ಎಲ್ಲಿ ತಂಗುತ್ತೀರೆಂದು ಬರೆದು ದೆಹಲಿಯ ನೆರೆಮನೆಯಲ್ಲಿ ಕೊಟ್ಟು ಹೊರಡಿ.

ಅಡಿಗೆಯ ಸಂಗತಿಯನ್ನು ಮನೆಯವರು ಬರೆಯಲೇಬೇಕೆಂದಿದ್ದಾರೆ. ಆ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿದುಬಿಡುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಎಷ್ಟು ಹೊತ್ತು ಕುದಿಸಿದರೂ ಬೇಯದು. ಪ್ರೆಷರ್ ಕುಕ್ಕರು ಮರೆಯಬಾರದು. ಕುಕ್ಕರಿಗೆ ಜಾಗವಿಲ್ಲದವರು ಊರಿನಿಂದ ಬಂದ ಅವಲಕ್ಕಿಯನ್ನೂ ಚಟ್ನಿಪುಡಿಯನ್ನೂ ಕಟ್ಟಿಕೊಳ್ಳಲಿ. ಅದಕ್ಕೆ ಒಲೆಯೇ ಬೇಡ. ಕಾಜಾದಲ್ಲಿ ಪೆಟ್ರೋಲ್ ಬಂಕ್ ಇದೆ. ಅಲ್ಲಿ ಟ್ಯಾಂಕು ತುಂಬಿಸದೆ ಕುಂಜುಮ್ ಕಡೆ ತಿರುಗಬೇಡಿ.